ಪಿ.ಟಿ. ಪೀರಿಯಡ್ಡಿನ ಸಣ್ಣಪುಟ್ಟ ಗಾಯಗಳು: ಎಲ್ಲಿ, ಯಾವಾಗ, ಯಾಕೆ

ಆಟ ಅಂದಮೇಲೆ ಬೀಳೋದು ಏಳೋದು ಇದ್ದದ್ದೇ ಅಂತ ಹೇಳಿ, ಮೊಣಕಾಲಿಗೆ ಹತ್ತಿ ಒತ್ತಿ ಕಳಿಸಿಬಿಡುವುದು ಸುಲಭ. ಆದರೆ ಶಾಲೆಯ ಮೈದಾನದಲ್ಲಿ ಆಗುವ ಗಾಯಗಳನ್ನು ಎರಡು ತಿಂಗಳು ಬಿಡದೆ ಬರೆದಿಟ್ಟು ನೋಡಿ. ಅವು ಮೈದಾನದ ತುಂಬ ಚೆಲ್ಲಿಕೊಂಡಿರುವುದು ಅಪರೂಪ. ಒಂದೇ ಗೋಡೆಯ ಹತ್ತಿರ, ಒಂದೇ ತಗ್ಗಿನ ಹತ್ತಿರ ಮತ್ತೆ ಮತ್ತೆ ಆಗಿರುತ್ತವೆ. ಪೀರಿಯಡ್ ಶುರುವಾದ ಮೊದಲ ಐದಾರು ನಿಮಿಷದಲ್ಲಿ, ಇಲ್ಲವೇ ಗಂಟೆ ಹೊಡೆಯುವ ಹೊತ್ತಿಗೆ. ರಜೆ ಮುಗಿದ ಮೊದಲ ವಾರ, ಕ್ರೀಡಾಕೂಟದ ಹಿಂದಿನ ಹದಿನೈದು ದಿನ. ಒಟ್ಟಿನಲ್ಲಿ ಅಂಚುಗಳಲ್ಲಿ. ಜಾಗಕ್ಕೂ ಒಂದು ಅಂಚಿದೆ, ಹೊತ್ತಿಗೂ ಒಂದು ಅಂಚಿದೆ. ಬೆಳೆಯುವ ಮಕ್ಕಳ ವಿಷಯದಲ್ಲಿ ಮೂಳೆಗೂ ಒಂದು ಅಂಚಿದೆ; ಅದಕ್ಕೆ ಆಮೇಲೆ ಬರೋಣ.

ಹಾಗಾಗಿ ಮೊದಲು ಬೇಕಾದದ್ದು ಒಂದು ನೂರು ಪುಟದ ನೋಟ್‌ಬುಕ್. ದಿನಾಂಕ, ಹೊತ್ತು, ತರಗತಿ, ಯಾವ ಆಟ, ಮೈದಾನದ ಯಾವ ಜಾಗ, ಮೈಯ ಯಾವ ಭಾಗ, ಆಟ ಶುರುವಾಗಿ ಎಷ್ಟು ನಿಮಿಷವಾಗಿತ್ತು, ಕಾಲಿಗೆ ಏನು ಹಾಕಿಕೊಂಡಿದ್ದ, ಮತ್ತೆ ಆಟಕ್ಕಿಳಿದದ್ದು ಯಾವತ್ತು. ಒಂದು ಗಾಯಕ್ಕೆ ಒಂದು ಸಾಲು, ಅರ್ಧ ನಿಮಿಷದ ಕೆಲಸ. ಪಟ್ಟಿ ಹಚ್ಚಿ ಮುಗಿಯುವ ತರಚು ಗಾಯವನ್ನೂ ಬರೆಯಬೇಕು, ಯಾಕಂದರೆ ಸುಳಿವು ಕೊಡುವುದು ಅವೇ. ಒಂದೇ ಮೂಲೆಯಲ್ಲಿ ಮೂರು ಮಕ್ಕಳ ಮೊಣಕೈ ತರಚಿದೆ ಅಂದರೆ ನಾಲ್ಕನೆಯವನ ಮಣಿಕಟ್ಟು ಮುರಿಯುವ ಮೊದಲೇ ಆ ಮೂಲೆಗೆ ಹೋಗಿ ಏನಿದೆ ಅಂತ ನೋಡಬಹುದು.

ಮೈದಾನವನ್ನು ಕಾಲಲ್ಲೇ ನೋಡಬೇಕು

ಬೆಳಿಗ್ಗೆ ಮೊದಲ ಪೀರಿಯಡ್ಡಿಗೆ ಮುಂಚೆ ಮೈದಾನದಲ್ಲಿ ಒಂದು ಸುತ್ತು ನಡೆಯಿರಿ. ಮೊದಲು ಅಂಚಿನುದ್ದಕ್ಕೆ, ಆಮೇಲೆ ಉಳುವವರ ಹಾಗೆ ಅತ್ತಿಂದಿತ್ತ, ಎರಡು ಮೂರು ಹೆಜ್ಜೆ ಬಿಟ್ಟು ಒಂದೊಂದು ಸಾಲು. ಕಲ್ಲು, ಗಾಜು, ಮೊಳೆ ಕಣ್ಣಿಗೆ ಬೀಳುತ್ತವೆ. ಹುಲ್ಲು ಮುಚ್ಚಿದ ಅಂಗೈಯಗಲದ ಕುಳಿ ಮಾತ್ರ ಕಣ್ಣಿಗೆ ಬೀಳುವುದಿಲ್ಲ, ಕಾಲಿಗೇ ಗೊತ್ತಾಗಬೇಕು. ಹರಡು, ಅಂದರೆ ಪಾದದ ಮೇಲಿನ ಕೀಲು, ಉಳುಕುವುದಕ್ಕೆ ಅಂಥ ಕುಳಿಯ ಅಂಚು ಸಾಕು: ಪಾದದ ಹೊರಮೈ ಇಳಿಯುತ್ತದೆ, ಒಳಮೈ ಮೇಲುಳಿಯುತ್ತದೆ, ಮೈಯ ಭಾರವೆಲ್ಲ ಹರಡಿನ ಹೊರಬದಿಯ ಮೂಳೆಯ ಮುಂದಿರುವ ತೆಳ್ಳನೆಯ ಅಸ್ಥಿರಜ್ಜುವಿನ (ಮೂಳೆಗೆ ಮೂಳೆಯನ್ನು ಬಿಗಿದಿಡುವ ನಾರಿನ) ಮೇಲೆ ಬೀಳುತ್ತದೆ. ಕುಳಿಗೆ ಬರೀ ಸಡಿಲ ಮಣ್ಣು ಸುರಿದರೆ ನಾಲ್ಕು ದಿನಕ್ಕೆ ಮತ್ತೆ ಬಾಯಿ ತೆರೆಯುತ್ತದೆ. ಒದ್ದೆ ಮಾಡಿ, ತುಳಿದು, ಮತ್ತೆ ತುಂಬಿ, ಮತ್ತೆ ತುಳಿಯಬೇಕು.

ಗೆರೆಯ ಆಚೆಗಿನ ಜಾಗವನ್ನು ಅಳೆಯುವವರು ಕಡಿಮೆ. ವಾಲಿಬಾಲ್ ನಿಯಮ ಅಂಕಣದ ಸುತ್ತ ಕನಿಷ್ಠ 3 ಮೀಟರ್ ಖಾಲಿ ಜಾಗ ಕೇಳುತ್ತದೆ, ಬ್ಯಾಸ್ಕೆಟ್‌ಬಾಲ್ 2 ಮೀಟರ್. ಜಾಗ ಸಾಲದಿದ್ದರೆ ಅಂಕಣವನ್ನೇ ಚಿಕ್ಕದಾಗಿ ಗೆರೆ ಹಾಕಿಕೊಳ್ಳಿ, ಗೋಡೆಯ ತನಕ ಎಳೆಯಬೇಡಿ. ಓಟದ್ದು ಇನ್ನೂ ಕೆಟ್ಟ ಕಥೆ. ನೂರು ಮೀಟರ್ ಹಿಡಿಸಲೇಬೇಕೆಂದು ಮುಕ್ತಾಯದ ಗೆರೆಯನ್ನು ಕಾಂಪೌಂಡಿಗೆ ಐದು ಮೀಟರ್ ದೂರದಲ್ಲಿ ಹಾಕಿರುತ್ತಾರೆ. ಪೂರಾ ವೇಗದಲ್ಲಿರುವ ಮಗು ಐದು ಮೀಟರಿನಲ್ಲಿ ನಿಲ್ಲಲಾರದು; ಕೈ ಚಾಚಿ ಗೋಡೆಗೆ ಹೊಡೆಯುತ್ತದೆ. ಗೆರೆಯಾಚೆ 15ರಿಂದ 20 ಮೀಟರ್ ಬಿಡಲಾಗದ ಜಾಗದಲ್ಲಿ 80 ಮೀಟರ್ ಓಡಿಸಿ. ಯಾವ ಮಗುವಿಗೂ ನೂರೇ ಆಗಬೇಕೆಂಬ ಹರಕೆ ಇರುವುದಿಲ್ಲ.

ಸರಿಸುವ ಗೋಲ್‌ಪೋಸ್ಟ್ ಇದ್ದರೆ ಅದನ್ನು ನೆಲಕ್ಕೆ ಬಿಗಿಯುವ ತನಕ ಆಟ ಶುರು ಮಾಡಬಾರದು. ಮೇಲಿನ ಅಡ್ಡಪಟ್ಟಿಗೆ ಜೋತಾಡುವುದು ಮಕ್ಕಳ ಸ್ವಭಾವ, ಮುಗುಚಿದರೆ ಆ ಭಾರವೆಲ್ಲ ಜೋತವನ ಮೇಲೆಯೇ. ಸಣ್ಣ ಗಾಯದ ಲೆಕ್ಕಕ್ಕೆ ಬರುವ ವಸ್ತುವಲ್ಲ ಅದು, ಪ್ರಾಣವೇ ಹೋದದ್ದುಂಟು. ಆಟ ಮುಗಿದ ಮೇಲೆ ಮುಖ ಅಡಿಯಾಗಿ ಮಲಗಿಸಿ, ಇಲ್ಲವೇ ಬೇಲಿಗೆ ಸರಪಳಿ ಹಾಕಿ.

ಉದ್ದ ಜಿಗಿತದ ಮರಳುಗುಂಡಿಯನ್ನು ಜಿಗಿಯುವ ದಿನವೇ ಅಗೆದು ಸಡಿಲ ಮಾಡಬೇಕು. ಮಳೆ ಬಿದ್ದು ಒಣಗಿದ ಮರಳು ಗಾರೆಯ ಹಾಗೆ ಗಟ್ಟಿಯಾಗಿರುತ್ತದೆ, ಮೇಲೆ ಮಾತ್ರ ಮೆತ್ತಗೆ ಕಾಣುತ್ತದೆ. ಗುಂಡಿಯ ಅಂಚಿನಲ್ಲಿ ಕೂಡ 30 ಸೆಂ.ಮೀ. ಆಳ ಬೇಕು, ಸಲಿಕೆಯ ಅಲಗು ಪೂರ್ತಿ ಇಳಿಯಿತೇ ಅಂತ ನೋಡಿದರೆ ಅಂದಾಜು ಸಿಗುತ್ತದೆ. ಮರಳಿನ ಮಟ್ಟ ಜಿಗಿಯುವ ಹಲಗೆಯ ಮಟ್ಟಕ್ಕೆ ಸಮ ಇರಲಿ. ಹಲಗೆಯಿಂದ ಮರಳಿನವರೆಗಿನ ದೂರ ನಿಯಮದಲ್ಲಿ 1ರಿಂದ 3 ಮೀಟರ್. ದೊಡ್ಡವರಿಗೆಂದು 3 ಮೀಟರ್ ದೂರಕ್ಕೆ ಹಾಕಿದ ಹಲಗೆಯಿಂದಲೇ ಐದನೇ ತರಗತಿಯ ಮಕ್ಕಳನ್ನೂ ಜಿಗಿಸಿದರೆ ಅವರು ಮರಳಿಗೆ ತಲುಪುವುದೇ ಇಲ್ಲ, ಗಟ್ಟಿ ನೆಲದಲ್ಲಿ ಕಾಲೂರುತ್ತಾರೆ. ಅವರಿಗೆ ಒಂದು ಮೀಟರ್ ದೂರದಲ್ಲಿ ಸುಣ್ಣದ ಗೆರೆ ಎಳೆದರೆ ಮುಗಿಯಿತು. ಮರಳು ಸಮ ಮಾಡಿದ ಮೇಲೆ ರೇಕನ್ನು ಗುಂಡಿಯಿಂದ ದೂರ, ಹಲ್ಲು ನೆಲದ ಕಡೆ ಮಾಡಿ ಇಡಬೇಕು. ಹಲ್ಲು ಮೇಲಾಗಿ ಬಿದ್ದ ರೇಕ್ ತುಳಿದವನ ಪಾದವನ್ನೂ ಚುಚ್ಚುತ್ತದೆ, ಹಿಡಿ ಎದ್ದು ಮುಖಕ್ಕೂ ಹೊಡೆಯುತ್ತದೆ.

ಹರ್ಡಲ್ ಯಾವ ಕಡೆ ಮುಖ ಮಾಡಿದೆ ಎಂಬುದೂ ಹೀಗೇ ಕಣ್ತಪ್ಪುವ ಸಂಗತಿ. ಅದರ ಅಡಿಗಾಲುಗಳು ಓಟಗಾರ ಬರುವ ದಿಕ್ಕಿಗೆ ಚಾಚಿರಬೇಕು. ಆಗ ಕಾಲು ತಾಕಿದರೆ ಹಲಗೆ ಮುಂದಕ್ಕೆ ಮಲಗುತ್ತದೆ, ಮಗು ತಡವರಿಸಿದರೂ ಓಡಿಹೋಗುತ್ತದೆ. ತಿರುಗಿಸಿ ಇಟ್ಟರೆ ಹರ್ಡಲ್ ಬೀಳುವುದಿಲ್ಲ, ಮಗು ಬೀಳುತ್ತದೆ. ಅಭ್ಯಾಸದಲ್ಲಿ ಮಕ್ಕಳು ಹೋದ ದಾರಿಯಲ್ಲೇ ಹಾರಿಕೊಂಡು ವಾಪಸ್ ಬರುವುದುಂಟು. ಅದನ್ನು ಖಡಾಖಂಡಿತ ನಿಲ್ಲಿಸಿ, ಪಕ್ಕದ ಸಾಲಿನಲ್ಲಿ ನಡೆದು ಬರಲಿ. ಗುಂಡು ಎಸೆತದಲ್ಲೂ ಇದೇ ಶಿಸ್ತು: ಎಲ್ಲರೂ ಒಂದೇ ದಿಕ್ಕಿಗೆ ಎಸೆಯಬೇಕು, ಎಲ್ಲರದ್ದೂ ಮುಗಿದು ಸೀಟಿ ಊದಿದ ಮೇಲೆಯೇ ಹೋಗಿ ತರಬೇಕು, ತರುವಾಗ ಕೈಯಲ್ಲಿ ಹಿಡಿದು ನಡೆದು ಬರಬೇಕು. ಗುಂಡನ್ನು ವಾಪಸ್ ಎಸೆಯುವ ಹಾಗಿಲ್ಲ, ಉರುಳಿಸುವ ಹಾಗೂ ಇಲ್ಲ.

ಮೊದಲ ಹತ್ತು ನಿಮಿಷ

ಪೀರಿಯಡ್ ನಲವತ್ತು ನಿಮಿಷದ್ದು, ಮಕ್ಕಳು ಸಾಲು ಕಟ್ಟಿ ಬರುವಷ್ಟರಲ್ಲೇ ಐದು ಹೋಯಿತು. ಹಾಗಾಗಿ ವಾರ್ಮ್ ಅಪ್ಪಿಗೇ ಕತ್ತರಿ ಬೀಳುತ್ತದೆ. ಇಲ್ಲವೇ ನಿಂತಲ್ಲೇ ಬಗ್ಗಿ ಕಾಲ್ಬೆರಳು ಮುಟ್ಟಿಸಿ ಎಣಿಸಿದ್ದೇ ವಾರ್ಮ್ ಅಪ್ ಆಗುತ್ತದೆ. ತಣ್ಣಗಿರುವ ಸ್ನಾಯುವನ್ನು ನಿಂತಲ್ಲೇ ಎಳೆದು ಹಿಡಿಯುವುದರಿಂದ ಅದು ಬಿಸಿಯಾಗುವುದಿಲ್ಲ. ಒಂದೊಂದು ಸ್ನಾಯುವನ್ನು ನಿಮಿಷಕ್ಕಿಂತ ಹೆಚ್ಚು ಎಳೆದು ಹಿಡಿದರೆ ಓಟ, ಜಿಗಿತದ ಕಸುವು ಸ್ವಲ್ಪ ಹೊತ್ತು ತಗ್ಗುವುದೂ ಉಂಟು. ಹಿಡಿದು ನಿಲ್ಲುವ ಸ್ಟ್ರೆಚ್ ಆಟ ಮುಗಿದ ಮೇಲಿರಲಿ, ಒಂದೊಂದು 20ರಿಂದ 30 ಸೆಕೆಂಡ್.

ಹತ್ತು ನಿಮಿಷದಲ್ಲಿ ಆಗುವ ಒಂದು ಕ್ರಮ ಹೀಗಿದೆ. ಮೊದಲ ಎರಡು ಮೂರು ನಿಮಿಷ ನಿಧಾನದ ಓಟ. ನೇರವಾಗಿ ಸ್ವಲ್ಪ, ಪಕ್ಕಕ್ಕೆ ಸರಿಯುತ್ತ ಸ್ವಲ್ಪ, ಹಿಮ್ಮುಖವಾಗಿ ಸ್ವಲ್ಪ. ಉಸಿರು ಏರಬೇಕು, ಆದರೆ ಪಕ್ಕದವನ ಜೊತೆ ಮಾತಾಡುವಷ್ಟು ಉಸಿರು ಉಳಿದಿರಬೇಕು. ಆಮೇಲೆ ಚಲನೆಯಲ್ಲೇ ಸಡಿಲಗೊಳ್ಳುವುದು: ಜೊತೆಗಾರನ ಭುಜ ಹಿಡಿದು ಒಂದೊಂದು ಕಾಲನ್ನು ಹಿಂದೆ ಮುಂದೆ ಹತ್ತು ಸಲ ಬೀಸುವುದು, ಎಂಟು ಉದ್ದ ಹೆಜ್ಜೆ ಮೊಣಕಾಲು ಮಡಚಿ ಇಳಿಯುತ್ತ ನಡೆಯುವುದು, ಹದಿನೈದು ಮೀಟರ್ ಮೊಣಕಾಲೆತ್ತಿ ಓಡುವುದು, ತೋಳನ್ನು ಎರಡೂ ದಿಕ್ಕಿಗೆ ಹತ್ತು ಸುತ್ತು ತಿರುಗಿಸುವುದು. ಮೂರನೆಯ ಭಾಗವನ್ನು ಬಹಳ ಜನ ಬಿಡುತ್ತಾರೆ, ನನ್ನ ಮಟ್ಟಿಗೆ ಅದೇ ಮುಖ್ಯ. ಒಂಟಿಕಾಲಲ್ಲಿ ಇಪ್ಪತ್ತು ಸೆಕೆಂಡ್ ನಿಲ್ಲುವುದು, ಕಾಲಿಗೆ ಎರಡು ಸಲ. ಆಮೇಲೆ ಐದೈದರಂತೆ ಎರಡು ಸಲ ಜಿಗಿದು ಇಳಿಯುವುದು. ಕೊನೆಗೆ ಇಪ್ಪತ್ತು ಮೀಟರಿನ ಮೂರು ಓಟ: ಅರ್ಧ ವೇಗ, ಮುಕ್ಕಾಲು ವೇಗ, ಹೆಚ್ಚುಕಡಿಮೆ ಪೂರ್ಣ ವೇಗ. ಈ ಮೂರು ಓಟವಿಲ್ಲದೆ ಮೊದಲ ಸ್ಪ್ರಿಂಟೇ ಪೂರ್ಣ ವೇಗದ್ದಾದರೆ ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಹಿಡಿದುಕೊಳ್ಳುತ್ತದೆ.

ಈ ಬಗೆಯ ಕ್ರಮಕ್ಕೆ ಗಟ್ಟಿ ಆಧಾರವಿದೆ. ಫಿಫಾ 11+ ಎಂಬ ಇಪ್ಪತ್ತು ನಿಮಿಷದ ವಾರ್ಮ್ ಅಪ್ಪಿನಲ್ಲಿ ಓಟ, ಬಲ, ಸಮತೋಲನ, ಜಿಗಿತ ಎಲ್ಲ ಸೇರಿವೆ. ನಾರ್ವೆಯಲ್ಲಿ 13ರಿಂದ 17 ವರ್ಷದ ಫುಟ್‌ಬಾಲ್ ಆಡುವ ಹುಡುಗಿಯರ ಮೇಲೆ ಅದನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಟ್ಟಾರೆ ಗಾಯಗಳು ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗಿದ್ದವು. 7ರಿಂದ 13 ವರ್ಷದ ಮಕ್ಕಳಿಗೆಂದು ಬೇರೆ ರೂಪವೂ ಇದೆ; ಯುರೋಪಿನ ನಾಲ್ಕು ದೇಶಗಳಲ್ಲಿ ಅದನ್ನು ಪರೀಕ್ಷಿಸಿದಾಗ ಗಾಯಗಳು ಹತ್ತಿರಹತ್ತಿರ ಅರ್ಧಕ್ಕೆ ಇಳಿದವು. ಆದರೆ ಫಲ ಕಾಣುವುದು ವಾರಕ್ಕೆ ಎರಡು ಸಲವಾದರೂ ಬಿಡದೆ ಮಾಡಿದಾಗ. ಪಂದ್ಯದ ದಿನ ಮಾತ್ರ ಮಾಡಿಸಿದರೆ ಅದು ಫೋಟೋಗೆ ಚೆನ್ನ, ಅಷ್ಟೆ.

ಜಿಗಿದು ಇಳಿಯುವುದನ್ನು ಕಿವಿಯಿಂದ ಕಲಿಸಬಹುದು. ಧಡ್ ಅಂತ ಸದ್ದಾದರೆ ಹಿಮ್ಮಡಿ ಮೊದಲು ಊರಿದೆ, ಮೊಣಕಾಲು ಮಡಚಿಲ್ಲ ಎಂದರ್ಥ. ಮುಂಪಾದ ಮೊದಲು, ಆಮೇಲೆ ಹಿಮ್ಮಡಿ, ಜೊತೆಗೇ ಮೊಣಕಾಲು ಮತ್ತು ಸೊಂಟ ಮಡಚಬೇಕು. "ಬೆಕ್ಕಿನ ಹಾಗೆ ಇಳಿ, ನನಗೆ ಕೇಳಿಸಬಾರದು" ಎಂದರೆ ಎಂಟು ವರ್ಷದ ಮಗುವಿಗೂ ಅರ್ಥವಾಗುತ್ತದೆ. ಇನ್ನು ಮುಂದೆ ನಿಂತು ಮೊಣಕಾಲು ನೋಡಿ. ಇಳಿಯುವಾಗ ಎರಡೂ ಮೊಣಕಾಲು ಒಳಕ್ಕೆ ವಾಲಿ ಒಂದಕ್ಕೊಂದು ಹತ್ತಿರವಾದರೆ ಆ ಮಗುವಿಗೆ ತೊಡೆ, ಪೃಷ್ಠದ ಬಲ ಸಾಲದು. ಮೊಣಕಾಲು ಕಾಲ್ಬೆರಳಿನ ದಿಕ್ಕಿಗೇ ಮಡಚುವ ಹಾಗೆ ಅರ್ಧ ಬೈಠಕ್ ಮಾಡಿಸಿ, ಆ ಮೇಲೆಯೇ ಎತ್ತರದಿಂದ ಜಿಗಿಸಿ.

ಬೀಳುವುದನ್ನೂ ಕಲಿಸಬೇಕು. ಬೀಳುವಾಗ ಕೈ ಚಾಚುವುದು ಹುಟ್ಟುಗುಣ, ಮೊಣಕೈ ಸೆಟೆದುಕೊಂಡಿದ್ದರೆ ಪೆಟ್ಟು ಮಣಿಕಟ್ಟಿಗೆ ಮತ್ತು ಮುಂಗೈ ಮೂಳೆಗೆ. ಮ್ಯಾಟಿನ ಮೇಲೋ ಮೆತ್ತನೆಯ ಹುಲ್ಲಿನ ಮೇಲೋ ಕುಕ್ಕರಗಾಲಲ್ಲಿ ಕೂರಿಸಿ, ಗದ್ದವನ್ನು ಎದೆಗೆ ತಾಗಿಸಿ, ತೋಳು ಮಡಚಿಕೊಂಡು ಭುಜದ ಹಿಂಭಾಗದ ಮೇಲೆ ಉರುಳಲು ಕಲಿಸಿ. ತಿಂಗಳಿಗೆ ಎರಡು ಸಲ ಐದೈದು ನಿಮಿಷ ಮಾಡಿಸಿದರೂ ಮೈಗೆ ರೂಢಿಯಾಗುತ್ತದೆ.

ಶೂ, ಲೇಸು, ಬೊಬ್ಬೆ

ದುಬಾರಿ ಶೂ ಬೇಡ, ಅಳತೆಯ ಶೂ ಬೇಕು. "ಬೆಳೆಯುವ ಕಾಲು" ಅಂತ ಎರಡು ನಂಬರ್ ದೊಡ್ಡದು ಕೊಡಿಸುವ ಅಭ್ಯಾಸ ಮನೆಗೆ ಉಳಿತಾಯ, ಕಾಲಿಗೆ ಕಂಟಕ. ಶೂ ಒಳಗೆ ಪಾದ ಜಾರುತ್ತದೆ, ಹಿಮ್ಮಡಿ ಉಜ್ಜಿ ಬೊಬ್ಬೆ ಏಳುತ್ತದೆ, ತಿರುಗುವಾಗ ಶೂ ಒಂದು ಕಡೆ, ಹರಡು ಇನ್ನೊಂದು ಕಡೆ. ಮಗು ನಿಂತಿರುವಾಗ ಉದ್ದದ ಬೆರಳಿನ ಮುಂದೆ ಒಂದರಿಂದ ಒಂದೂವರೆ ಸೆಂ.ಮೀ. ಜಾಗ ಇರಲಿ. ಕೆಲವರಿಗೆ ಹೆಬ್ಬೆರಳಿಗಿಂತ ಎರಡನೇ ಬೆರಳು ಉದ್ದ, ಅದನ್ನು ಗಮನಿಸಿ. ಎರಡೂ ಕಾಲು ನೋಡಿ, ಮೂರು ತಿಂಗಳಿಗೊಮ್ಮೆ ಮತ್ತೆ ನೋಡಿ.

ಶೂವಿನ ಕೊನೆಯಲ್ಲಿ, ಹರಡಿನ ಹತ್ತಿರ, ಬಹಳ ಶೂಗಳಲ್ಲಿ ಇನ್ನೊಂದು ತೂತು ಇರುತ್ತದೆ. ಯಾರೂ ಅದಕ್ಕೆ ಲೇಸು ಹಾಕುವುದಿಲ್ಲ. ಅದು ಇರುವುದೇ ಹಿಮ್ಮಡಿ ಜಾರದಂತೆ ಕಟ್ಟಲು. ಅದರ ಕೆಳಗಿನ ತೂತಿನವರೆಗೆ ಎಂದಿನಂತೆ ಅಡ್ಡಡ್ಡ ಕಟ್ಟಿ ಬನ್ನಿ. ಅಲ್ಲಿಂದ ಲೇಸನ್ನು ಎದುರು ಬದಿಗೆ ದಾಟಿಸದೆ ಅದೇ ಬದಿಯ ಕೊನೆಯ ತೂತಿಗೆ ಹೊರಗಿನಿಂದ ಒಳಕ್ಕೆ ಹಾಕಿ, ಎಳೆಯದೆ ಒಂದು ಸಣ್ಣ ಕುಣಿಕೆ ಬಿಡಿ. ಇನ್ನೊಂದು ಬದಿಯಲ್ಲೂ ಹಾಗೇ. ಈಗ ಎಡಗಡೆಯ ಲೇಸಿನ ತುದಿಯನ್ನು ಬಲಗಡೆಯ ಕುಣಿಕೆಯೊಳಗೆ, ಬಲಗಡೆಯದನ್ನು ಎಡಗಡೆಯ ಕುಣಿಕೆಯೊಳಗೆ ತೂರಿಸಿ. ಹಿಮ್ಮಡಿಯನ್ನು ಶೂವಿನ ಹಿಂಬದಿಗೆ ಒತ್ತಿ ಕೂರಿಸಿಕೊಂಡು ಎರಡೂ ತುದಿಯನ್ನು ಮೊದಲು ಹಿಂದಕ್ಕೂ ಕೆಳಕ್ಕೂ, ಆಮೇಲೆ ಮೇಲಕ್ಕೆ ಎಳೆದು ಎರಡು ಗಂಟು ಹಾಕಿ. ಪಾದ ಮುಂದಕ್ಕೆ ಸರಿಯುವುದು ನಿಲ್ಲುತ್ತದೆ, ಕಾಲ್ಬೆರಳ ಉಗುರು ಕಪ್ಪಾಗುವುದೂ ತಪ್ಪುತ್ತದೆ.

ಬೊಬ್ಬೆ ಏಳುವ ಮೊದಲು ಆ ಜಾಗ ಬಿಸಿಬಿಸಿ ಅನ್ನಿಸುತ್ತದೆ. ಆಗಲೇ ಆಟ ನಿಲ್ಲಿಸಿ ಒಂದು ಟೇಪು ಅಂಟಿಸಿದರೆ ಬೊಬ್ಬೆಯೇ ಬರುವುದಿಲ್ಲ. "ಬಿಸಿ ಅನ್ನಿಸಿದ ಕೂಡಲೇ ಹೇಳಿ" ಎಂದು ಮಕ್ಕಳಿಗೆ ಮೊದಲೇ ಹೇಳಿರಬೇಕು, ಇಲ್ಲದಿದ್ದರೆ ಆಟ ತಪ್ಪುವ ಭಯಕ್ಕೆ ಬಾಯಿ ಬಿಡುವುದಿಲ್ಲ. ಹೊಸ ಶೂವನ್ನು ಮೊದಲು ದಿನಕ್ಕೆ ಅರ್ಧ ಗಂಟೆ ನಡೆದಾಡುವಾಗ ಹಾಕಿ ಪಳಗಿಸಬೇಕು, ಪಂದ್ಯದ ದಿನ ಪೆಟ್ಟಿಗೆಯಿಂದ ತೆಗೆಯಬಾರದು. ಒದ್ದೆ ಸಾಕ್ಸ್ ಬದಲಿಸಲಿ.

ಚೆಂಡು, ಬೆರಳು, ಹಗ್ಗ

ಬೆರಳಿಗೆ ಚೆಂಡು ತುದಿಯಿಂದ ಹೊಡೆದು ಗೆಣ್ಣು ಊದಿಕೊಳ್ಳುವುದು ವಾಲಿಬಾಲ್, ಬ್ಯಾಸ್ಕೆಟ್‌ಬಾಲ್ ಆಡುವ ಕಡೆ ವಾರಕ್ಕೊಂದಾದರೂ ಇರುತ್ತದೆ. ಮಗುವಿನ ಕೈ ಸರಿಯಿಲ್ಲ ಎನ್ನುವ ಮೊದಲು ಚೆಂಡನ್ನು ಒತ್ತಿ ನೋಡಿ. ವಾಲಿಬಾಲಿನ ಒಳಗಿನ ಒತ್ತಡ ಚದರ ಸೆಂ.ಮೀ.ಗೆ 0.30ರಿಂದ 0.325 ಕೆ.ಜಿ. ಮಾತ್ರ, ಅಂದರೆ ಸುಮಾರು 4.3ರಿಂದ 4.6 ಪಿ.ಎಸ್.ಐ. ಸೈಕಲ್ ಪಂಪಿನಲ್ಲಿ ಅಂದಾಜಿಗೆ ಹೊಡೆದರೆ ಇದರ ಎರಡರಷ್ಟು ಆಗುವುದಕ್ಕೆ ಹೆಚ್ಚು ಹೊತ್ತು ಬೇಡ, ಆಗ ಚೆಂಡು ಕಲ್ಲು. ಮುಳ್ಳಿರುವ ಒಂದು ಗೇಜು ಇಟ್ಟುಕೊಳ್ಳಿ. ಫುಟ್‌ಬಾಲಿನಲ್ಲಿ ಎಂಟು ವರ್ಷದೊಳಗಿನವರಿಗೆ 3ನೇ ನಂಬರ್, ಎಂಟರಿಂದ ಹನ್ನೆರಡರವರೆಗೆ 4, ಆಮೇಲೆ 5. 410ರಿಂದ 450 ಗ್ರಾಂ ತೂಗುವ 5ನೇ ನಂಬರ್ ಚೆಂಡನ್ನು ಏಳು ವರ್ಷದವನಿಗೆ ಒದೆಯಲು ಕೊಟ್ಟರೆ ಒದೆಯುವ ಕ್ರಮವೇ ಕೆಡುತ್ತದೆ.

ಉಂಗುರ, ವಾಚು, ಕಿವಿಯೋಲೆ, ಕೊರಳ ಸರ ಎಲ್ಲವನ್ನೂ ಆಟಕ್ಕೆ ಮುಂಚೆ ತೆಗೆಸಿ ಒಂದು ಡಬ್ಬಿಗೆ ಹಾಕಿಸಿ. ಇವುಗಳಲ್ಲಿ ಉಂಗುರದ ಅಪಾಯ ಎಲ್ಲಕ್ಕಿಂತ ಹೆಚ್ಚು: ಬೇಲಿಗೋ ಬ್ಯಾಸ್ಕೆಟ್ ಬಲೆಗೋ ಸಿಕ್ಕಿಕೊಂಡರೆ ಮೈಯ ಭಾರಕ್ಕೆ ಬೆರಳಿನ ಚರ್ಮವೇ ಸುಲಿದು ಬರಬಹುದು. ಉಗುರು ಚಿಕ್ಕದಾಗಿ ಕತ್ತರಿಸಿರಲಿ. ಬಾಯಲ್ಲಿ ಚ್ಯೂಯಿಂಗ್ ಗಮ್ ಬೇಡ.

ಹಗ್ಗಜಗ್ಗಾಟ ನೋಡಲು ತಮಾಷೆ, ಕೈಗಳಿಗೆ ತಮಾಷೆಯಲ್ಲ. ಹಗ್ಗವನ್ನು ಅಂಗೈಗೆ, ಮಣಿಕಟ್ಟಿಗೆ, ಸೊಂಟಕ್ಕೆ ಸುತ್ತಿಕೊಳ್ಳಬಾರದು. ಎದುರು ಪಕ್ಷ ಎಳೆದಾಗ ಸುತ್ತು ಬಿಗಿಯುತ್ತದೆ, ಬಿಡಬೇಕೆಂದರೂ ಬಿಡಲಾಗದು. ಬೆರಳು ಕಳೆದುಕೊಂಡ ಘಟನೆಗಳು ಹಲವು ದೇಶಗಳಲ್ಲಿ ಆಗಿವೆ. ಹಗ್ಗದಲ್ಲಿ ಕುಣಿಕೆ, ಗಂಟು ಇರಬಾರದು. ಸ್ಪರ್ಧೆಯ ಹಗ್ಗದ ಸುತ್ತಳತೆ 10ರಿಂದ 12.5 ಸೆಂ.ಮೀ., ಅಂದರೆ ಮುಷ್ಟಿ ತುಂಬುವಷ್ಟು ದಪ್ಪ. ಬಟ್ಟೆ ಒಣಹಾಕುವ ತೆಳ್ಳನೆಯ ನೈಲಾನ್ ಹಗ್ಗ ಅಂಗೈ ಸುಡುತ್ತದೆ, ತುಂಡಾದರೆ ಚಾಟಿಯ ಹಾಗೆ ಹಿಂದಕ್ಕೆ ಬೀಸುತ್ತದೆ. "ಸೀಟಿ ಊದಿದ ಮೇಲೆಯೂ ಹಗ್ಗವನ್ನು ಮೆಲ್ಲಗೆ ಇಳಿಸಿ, ಒಮ್ಮೆಲೇ ಬಿಡಬೇಡಿ" ಎಂಬುದನ್ನು ಆಟಕ್ಕೆ ಮೊದಲು ಎರಡು ಸಲ ಹೇಳಿ. ಗೆದ್ದ ಖುಷಿಗೆ ಒಂದು ಕಡೆಯವರು ಕೈಬಿಟ್ಟರೆ ಇನ್ನೊಂದು ಕಡೆಯವರೆಲ್ಲ ಒಬ್ಬರ ಮೇಲೊಬ್ಬರು ಅಂಗಾತ.

ಮೂರು ಕಾಲಿನ ಓಟಕ್ಕೆ ಒಂದೇ ಎತ್ತರದವರನ್ನು ಜೋಡಿ ಮಾಡಿ, ಹಗ್ಗದ ಬದಲು ಅಗಲ ಬಟ್ಟೆಯಲ್ಲಿ, ಎಳೆದರೆ ಬಿಚ್ಚುವ ಗಂಟು ಹಾಕಿ. ಗೋಣಿಚೀಲದ ಓಟ ಹುಲ್ಲಿನ ಮೇಲೆ ಮಾತ್ರ.

ಮೂಳೆಯ ಅಂಚು

ಬೆಳೆಯುವ ಮಕ್ಕಳ ಉದ್ದ ಮೂಳೆಗಳ ತುದಿಗಳಲ್ಲಿ ಮೃದ್ವಸ್ಥಿಯ ಒಂದು ಪದರ ಇರುತ್ತದೆ, ಗ್ರೋತ್ ಪ್ಲೇಟ್. ಮೂಳೆ ಉದ್ದವಾಗುವುದು ಅಲ್ಲಿಂದ. ಅದು ಸುತ್ತಲಿನ ಅಸ್ಥಿರಜ್ಜುಗಳಿಗಿಂತ ದುರ್ಬಲ. ದೊಡ್ಡವರಲ್ಲಿ ಅಸ್ಥಿರಜ್ಜು ಹರಿದು ಉಳುಕಾಗುವ ಪೆಟ್ಟು ಮಕ್ಕಳಲ್ಲಿ ಗ್ರೋತ್ ಪ್ಲೇಟನ್ನೇ ಬಿರುಕು ಬಿಡಿಸಬಹುದು. "ಮಕ್ಕಳಿಗೆ ಉಳುಕಿದ್ದು ಬೇಗ ಹೋಗುತ್ತೆ" ಎಂಬ ಮಾತನ್ನು ನಂಬಬಾರದ್ದು ಇದಕ್ಕೇ.

ಎಂಟರಿಂದ ಹದಿನಾಲ್ಕು ವಯಸ್ಸಿನಲ್ಲಿ ಹಿಮ್ಮಡಿ ನೋವು ಬಂದು, ಹಿಮ್ಮಡಿಯನ್ನು ಎರಡೂ ಪಕ್ಕದಿಂದ ಹಿಸುಕಿದಾಗ ಮಗು ಕಾಲೆಳೆದುಕೊಂಡರೆ ಅದು ಸೆವರ್ಸ್ ಎಂಬ ತೊಂದರೆ ಇರಬಹುದು. ಮೊಣಕಾಲ ಚಿಪ್ಪಿನ ಕೆಳಗಿನ ಮೂಳೆಗಂಟು ನೋಯುತ್ತ ಉಬ್ಬಿದರೆ ಆಸ್‌ಗುಡ್-ಶ್ಲಾಟರ್. ಎರಡಕ್ಕೂ ಕಾರಣ ಒಂದೇ: ಮೂಳೆ ಬೇಗ ಬೆಳೆದಿದೆ, ಸ್ನಾಯು ಹಿಂದೆ ಉಳಿದು ಬಿಗಿಯಾಗಿದೆ, ಪ್ರತಿ ಜಿಗಿತಕ್ಕೂ ಬೆಳೆಯುವ ಜಾಗವನ್ನು ಎಳೆಯುತ್ತಿದೆ. ಸೋಮಾರಿತನದ ನೆಪ ಅಂತ ಗದರಬೇಡಿ. ಆಟ ಪೂರ್ತಿ ನಿಲ್ಲಿಸಬೇಕೆಂದೂ ಇಲ್ಲ. ಜಿಗಿತ, ಸ್ಪ್ರಿಂಟ್ ಕಡಿಮೆ ಮಾಡಿ, ಈಜು, ಸೈಕಲ್, ಎಸೆತದಂಥವು ನೋವಿಲ್ಲದಷ್ಟು ನಡೆಯಲಿ. ಮೂರು ತಿಂಗಳಿಗೊಮ್ಮೆ ಎತ್ತರ ಅಳೆದು ಬರೆದಿಡಿ. ಮೂರು ತಿಂಗಳಲ್ಲಿ 2 ಸೆಂ.ಮೀ. ದಾಟಿದ ಮಗುವಿನ ಜಿಗಿತದ ಲೆಕ್ಕವನ್ನು ಸ್ವಲ್ಪ ದಿನ ತಗ್ಗಿಸಿದರೆ ಒಳ್ಳೆಯದು.

ಹದಿಮೂರು ವರ್ಷದ ಇಬ್ಬರು ಹುಡುಗರ ನಡುವೆ ಇಪ್ಪತ್ತು ಕೆ.ಜಿ. ಅಂತರ ಇರಬಹುದು. ಕಬಡ್ಡಿಯಂತಹ ಮೈಗೆ ಮೈ ತಾಗುವ ಆಟಕ್ಕೆ ತರಗತಿ ನೋಡಿ ಜೋಡಿ ಮಾಡದೆ, ತೂಕ, ಎತ್ತರ ನೋಡಿ ಮಾಡಿ.

ಕ್ರೀಡಾಕೂಟ ಹತ್ತಿರ ಬಂದಾಗ ವಾರಕ್ಕೆರಡು ಪೀರಿಯಡ್ ಆಡುತ್ತಿದ್ದ ಮಕ್ಕಳನ್ನು ದಿನಾ ಎರಡು ಗಂಟೆ ಬಿಸಿಲಲ್ಲಿ ಓಡಿಸುವುದು ಎಲ್ಲ ಕಡೆ ನಡೆಯುತ್ತದೆ. ಮೊಳಕಾಲಿನ ಮುಂಭಾಗದ ನೋವು, ಮೀನಖಂಡ ಹಿಡಿಯುವುದು, ಹಿಮ್ಮಡಿ ನೋವು ಎಲ್ಲ ಈ ಹೊತ್ತಿನ ಬೆಳೆ. ಆರು ವಾರ ಮೊದಲೇ ಶುರು ಮಾಡಿ, ವಾರಕ್ಕೆ ಹತ್ತರಲ್ಲಿ ಒಂದು ಪಾಲಿನಷ್ಟೇ ಏರಿಸುತ್ತ ಬನ್ನಿ, ವಾರಕ್ಕೊಂದು ದಿನ ಪೂರ್ತಿ ಬಿಡುವು ಕೊಡಿ. ವಾರದ ಒಟ್ಟು ಅಭ್ಯಾಸದ ಗಂಟೆ ಮಗುವಿನ ವಯಸ್ಸನ್ನು ದಾಟಬಾರದು, ಹತ್ತು ವರ್ಷದವನಿಗೆ ಹತ್ತು ಗಂಟೆ ಮೇಲ್ಮಿತಿ. ಬಿಸಿಲಿಗೆ ಮೈ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಇಪ್ಪತ್ತು ನಿಮಿಷಕ್ಕೊಮ್ಮೆ ನೀರು. 9ರಿಂದ 12 ವರ್ಷದವರಿಗೆ ಒಂದು ಸಲಕ್ಕೆ 100ರಿಂದ 250 ಮಿ.ಲೀ.

ಆದಮೇಲೆ

ತರಚು ಗಾಯವನ್ನು ಧಾರೆಯಾಗಿ ಬೀಳುವ ಶುದ್ಧ ನೀರಿನಲ್ಲಿ ಐದು ನಿಮಿಷ ತೊಳೆಯಿರಿ, ಸುತ್ತಲ ಚರ್ಮಕ್ಕೆ ಸೋಪು. ಒಳಗೆ ಮಣ್ಣಿನ ಕಣ ಉಳಿದರೆ ಕೀವಾಗುತ್ತದೆ, ಕಲೆಯೂ ಉಳಿಯುತ್ತದೆ. ಹತ್ತಿ ಒತ್ತಬೇಡಿ, ಎಳೆ ಅಂಟಿಕೊಳ್ಳುತ್ತದೆ. ಗಾಜ್ ಬಟ್ಟೆ ಸಾಕು. ಗಾಳಿಗೆ ಬಿಟ್ಟು ಒಣಗಿಸುವುದಕ್ಕಿಂತ ಮುಚ್ಚಿಟ್ಟರೆ ಬೇಗ ಮಾಯುತ್ತದೆ. ಟೆಟನಸ್ ಚುಚ್ಚುಮದ್ದು ಯಾವಾಗ ಆಗಿತ್ತು ಎಂಬುದು ಶಾಲೆಯ ದಾಖಲೆಯಲ್ಲಿರಲಿ.

ಮೂಗಿನಲ್ಲಿ ರಕ್ತ ಬಂದಾಗ ತಲೆ ಹಿಂದಕ್ಕೆ ಬಾಗಿಸಬಾರದು, ರಕ್ತ ಗಂಟಲಿಗಿಳಿದು ವಾಂತಿಯಾಗುತ್ತದೆ. ಮುಂದಕ್ಕೆ ಬಾಗಿ ಕೂತು, ಮೂಗಿನ ಮೆತ್ತನೆಯ ಭಾಗವನ್ನು ಹಿಡಿದು ಹತ್ತು ನಿಮಿಷ ಬಿಡದೆ ಒತ್ತಬೇಕು. ನಿಮಿಷಕ್ಕೊಮ್ಮೆ ಬಿಟ್ಟು "ನಿಂತಿತಾ" ಅಂತ ನೋಡಿದರೆ ನಿಲ್ಲುವುದಿಲ್ಲ. ಇಪ್ಪತ್ತು ನಿಮಿಷ ದಾಟಿದರೆ ಆಸ್ಪತ್ರೆ.

ಬೆರಳಿನ ಗೆಣ್ಣು ಊದಿದರೆ ಎಳೆದು "ಕೂರಿಸುವ" ಶೂರರು ಎಲ್ಲ ಮೈದಾನದಲ್ಲೂ ಒಬ್ಬರಿರುತ್ತಾರೆ. ಎಳೆಯಬೇಡಿ. ಪಕ್ಕದ ಬೆರಳಿನ ಜೊತೆ, ನಡುವೆ ತೆಳ್ಳಗೆ ಗಾಜ್ ಇಟ್ಟು, ಗೆಣ್ಣಿನ ಆಚೆಗೊಂದು ಈಚೆಗೊಂದು ಟೇಪು ಸುತ್ತಿ. ಗೆಣ್ಣಿನ ಮೇಲೆಯೇ ಸುತ್ತಬಾರದು. ಬೆರಳ ತುದಿ ಜೋತುಬಿದ್ದು, ತಾನೇ ನೆಟ್ಟಗೆ ಮಾಡಲು ಮಗುವಿಗೆ ಆಗದಿದ್ದರೆ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ಕಿತ್ತಿದೆ. ಅದಕ್ಕೆ ಅವತ್ತೇ ವೈದ್ಯರು ಬೇಕು.

ಹರಡು ಉಳುಕಿದರೆ ಆಟದಿಂದ ಹೊರಗೆ, ಕಾಲು ಎದೆಗಿಂತ ಎತ್ತರ, ಬಟ್ಟೆಯಲ್ಲಿ ಸುತ್ತಿದ ಐಸ್ ಹದಿನೈದು ನಿಮಿಷ, ಎರಡು ಮೂರು ಗಂಟೆಗೊಮ್ಮೆ. ಐಸನ್ನು ನೇರ ಚರ್ಮಕ್ಕೆ ಇಟ್ಟರೆ ಚರ್ಮ ಸುಡುತ್ತದೆ. ಕ್ರೇಪ್ ಬ್ಯಾಂಡೇಜನ್ನು ಕಾಲ್ಬೆರಳ ಬುಡದಿಂದ ಶುರು ಮಾಡಿ ಮೇಲಕ್ಕೆ ಸುತ್ತಬೇಕು, ಪ್ರತಿ ಸುತ್ತೂ ಹಿಂದಿನದರ ಅರ್ಧವನ್ನು ಮುಚ್ಚಲಿ. ಮೇಲಿಂದ ಕೆಳಕ್ಕೆ ಸುತ್ತಿದರೆ ಊತವೆಲ್ಲ ಪಾದಕ್ಕಿಳಿಯುತ್ತದೆ. ಸುತ್ತಿದ ಮೇಲೆ ಹೆಬ್ಬೆರಳ ಉಗುರು ಒತ್ತಿ ಬಿಡಿ. ಎರಡು ಸೆಕೆಂಡಿನಲ್ಲಿ ಕೆಂಪು ಮರಳದಿದ್ದರೆ ಬಿಗಿಯಾಗಿದೆ. ಮೊದಲ ಎರಡು ದಿನ ಬಿಸಿ ಶಾಖ, ತಿಕ್ಕಾಟ, ಎಣ್ಣೆ ನೀವುವುದು ಬೇಡ, ಊತ ಹೆಚ್ಚುತ್ತದೆ. ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಅಥವಾ ಹರಡಿನ ಎರಡು ಬದಿಯ ಮೂಳೆಯ ಹಿಂಬದಿ ಅಂಚನ್ನೇ ಒತ್ತಿದಾಗ ನೋವಾದರೆ ಎಕ್ಸ್‌ರೇ ಬೇಕು.

ತಲೆಗೆ ಪೆಟ್ಟಾಗಿ ತಲೆನೋವು, ಮಂಕು, ವಾಕರಿಕೆ, ತಲೆಸುತ್ತು ಯಾವುದೇ ಒಂದು ಕಂಡರೂ ಸಣ್ಣ ಗಾಯದ ಲೆಕ್ಕ ಮುಗಿಯಿತು. ಅವತ್ತು ಮತ್ತೆ ಆಟವಿಲ್ಲ, ಹತ್ತು ನಿಮಿಷಕ್ಕೆ ಸರಿಹೋದೆ ಎಂದರೂ ಇಲ್ಲ. ವೈದ್ಯರು ನೋಡುವ ತನಕ ಒಬ್ಬರು ಜೊತೆಗಿರಬೇಕು. ಶಾಶ್ವತ ಹಲ್ಲು ಉದುರಿದರೆ ಬೇರನ್ನು ಮುಟ್ಟದೆ ಹಲ್ಲಿನ ಅಗಿಯುವ ತುದಿಯ ಕಡೆ ಹಿಡಿದು, ಹಾಲಿನಲ್ಲಿ ಹಾಕಿ, ಅರ್ಧ ಗಂಟೆಯೊಳಗೆ ದಂತವೈದ್ಯರ ಬಳಿ ಓಡಿ.

ಉಳುಕಿದ ಕಾಲು ಮತ್ತೆ ಉಳುಕುವ ಸಾಧ್ಯತೆ ಹೆಚ್ಚು. ಊತ ಇಳಿದರೂ ಕೀಲಿಗೆ ತಾನೆಲ್ಲಿದ್ದೇನೆಂಬ ಅರಿವು ತಡವಾಗಿ ಮರಳುತ್ತದೆ. "ನೋವಿಲ್ಲ ಸಾರ್" ಎಂಬ ಮಾತಿನ ಮೇಲೆ ಆಟಕ್ಕೆ ಬಿಡಬೇಡಿ, ಆಟ ಬೇಕೆನ್ನುವ ಮಗು ಬೇರೆ ಏನನ್ನೂ ಹೇಳುವುದಿಲ್ಲ. ಕಣ್ಣು ಬಿಟ್ಟು ಒಂಟಿಕಾಲಲ್ಲಿ ಮೂವತ್ತು ಸೆಕೆಂಡ್ ನಿಲ್ಲಿಸಿ. ಆಮೇಲೆ ಅದೇ ಕಾಲಲ್ಲಿ ಹತ್ತು ಸಲ ಕುಪ್ಪಳಿಸಲಿ, ಮುಖ ಹಿಂಡುತ್ತದೆಯೇ ನೋಡಿ. ಆಮೇಲೆ ಐದೈದು ಮೀಟರಿಗೆ ತಿರುಗುತ್ತ ಅಂಕುಡೊಂಕು ಓಟ. ಒಳ್ಳೆಯ ಕಾಲಿನಷ್ಟೇ ಸಲೀಸಾಗಿ ಮೂರನ್ನೂ ಮಾಡಿದ ದಿನವೇ ನೋಟ್‌ಬುಕ್ಕಿನ ಕೊನೆಯ ಕಾಲಂ ತುಂಬುವ ದಿನ.